ಕ್ಯಾಪ್ಟನ್ ನಮ್ಮ ಗಲ್ಲಿಯಲ್ಲಿ ಮಲಗಿದ ದಿನ

ನಮ್ಮ ಭಾವನಿಗೆ ಗಲ್ಲಿಯವರು ಇಟ್ಟ ಹೆಸರು ನಿದ್ದೆರಾಯ. ಸೋಮಾರಿ ಅಂತ ಅಲ್ಲ. ವಿಮಾನ ಕಂಪನಿಯ ವ್ಯಾನ್ ಓಡಿಸುತ್ತಿದ್ದ ಅವರು ನಿದ್ದೆಗೆಟ್ಟು ಸ್ಟಿಯರಿಂಗ್ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ನನ್ನ ಅಕ್ಕನನ್ನು ಮದುವೆಯಾದ ದಿನವೇ ಇದು ನಮಗೆಲ್ಲ ಗೊತ್ತಾಯಿತು. ಆಗ ಅವರು ಲಾರಿ ಓಡಿಸುತ್ತಿದ್ದರು. ಹಿಂದಿನ ರಾತ್ರಿ ದೂರದ ಊರಿಂದ ಹೊರಟವರು, ದಾರಿಯಲ್ಲಿ ಕಣ್ಣು ಎಳೆಯಲು ಶುರುವಾದದ್ದೇ ಲಾರಿಯನ್ನು ಪಕ್ಕಕ್ಕೆ ಹಾಕಿ ಮಲಗಿಬಿಟ್ಟರಂತೆ. ಇತ್ತ ಮದುಮಗಳು ಸಿಂಗರಿಸಿಕೊಂಡು ಕೂತಿದ್ದಾಳೆ, ಮದುಮಗ ನಾಪತ್ತೆ. ನಮ್ಮಪ್ಪ ಕೆಂಡಾಮಂಡಲ. ಬಿಸಿಲೇರಿದ ಮೇಲೆ ಬಂದ ಮದುಮಗ ಕೈಮುಗಿದು, "ತಪ್ಪಾಯ್ತು ಮಾವ. ನಿದ್ದೆಗಣ್ಣಲ್ಲಿ ಹೊರಟಿದ್ರೆ ಬರ್ತಾನೇ ಇರ್ಲಿಲ್ಲವೇನೋ" ಎಂದರು. ಅಪ್ಪ ಸಿಟ್ಟಿನಲ್ಲೇ ಮದುವೆ ಮಾಡಿಕೊಟ್ಟರು.

ಆಮೇಲೆ ಅವರು ಸೇರಿದ ವಿಮಾನ ಕಂಪನಿಯದು ಬೆರಳೆಣಿಕೆಯ ಪುಟ್ಟ ವಿಮಾನಗಳು. ದೊಡ್ಡ ಕಂಪನಿಗಳು ತಿರುಗಿಯೂ ನೋಡದ ಊರುಗಳಿಗೆ ಹೋಗಿ ಬರುತ್ತಿದ್ದವು. ವಿಮಾನ ಇಳಿದ ಮೇಲೆ ಪೈಲಟ್‌ಗಳನ್ನೂ ಗಗನಸಖಿಯನ್ನೂ ಹೋಟೆಲಿಗೆ ಬಿಡುವುದು, ಅವರು ಮಲಗೆದ್ದ ಮೇಲೆ ಮತ್ತೆ ವಿಮಾನ ನಿಲ್ದಾಣಕ್ಕೆ ಮುಟ್ಟಿಸುವುದು ಭಾವನ ಕೆಲಸ. ನನ್ನದು ಅವರ ಮನೆಯೆದುರೇ ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು, ಕಿಟಕಿ ಸರಳು ಮಾಡುತ್ತೇನೆ. ಭಾವ ವ್ಯಾನ್ ತೊಳೆಯುವ ಚೆಂದವನ್ನು ದಿನಾ ನೋಡುತ್ತಿದ್ದೆ. ನಮ್ಮಕ್ಕ ಮಕ್ಕಳಿಗೆ ಸ್ನಾನ ಮಾಡಿಸುವಾಗಲೂ ಕಿವಿಯ ಹಿಂದೆ ಅಷ್ಟು ಉಜ್ಜಿದವಳಲ್ಲ.

ಆಮೇಲೆ ಕಂಪನಿ ದಿವಾಳಿಯಾಗುತ್ತದಂತೆ ಎಂಬ ಗುಸುಗುಸು ಹುಟ್ಟಿತು. ಮೊದಲು ಸಂಬಳ ತಡವಾಯಿತು, ಆಮೇಲೆ ನಿಂತೇಹೋಯಿತು. ಪೈಲಟ್‌ಗಳಲ್ಲಿ ಅರ್ಧ ಜನ ಬೇರೆ ಕಂಪನಿ ಸೇರಿಕೊಂಡರು, ಉಳಿದವರ ಹೆಗಲಿಗೆ ಎರಡು ಪಟ್ಟು ಕೆಲಸ ಬಿತ್ತು. ಕ್ಷೌರದಂಗಡಿಯವನು ಮಾಲೀಕ ಪರಾರಿ ಎಂದ. ಗುಜರಿಯವನಂತೂ ನನ್ನ ಅಂಗಡಿಗೇ ಬಂದು, "ಅಣ್ಣ, ವಿಮಾನದ ತಗಡು ಯಾವ ಲೋಹದ್ದು? ಕೆ.ಜಿ.ಗೆ ಎಷ್ಟು ಕೊಡಬಹುದು?" ಎಂದು ವಿಚಾರಿಸಿದ. ಕೈಯಲ್ಲಿ ಸುತ್ತಿಗೆ ಇತ್ತು, ತಡೆದುಕೊಂಡೆ. ಭಾವ ಮಾತ್ರ ಯಾರು ಏನು ಕೇಳಿದರೂ, "ಸಂಜೆ ವಿಮಾನ ಇದೆ, ನಾನು ಹೊರಟೆ" ಎನ್ನುತ್ತಿದ್ದರು. ಊರೂರಿನ ಸಿಬ್ಬಂದಿಗೆ ಮುಖ್ಯ ಕಚೇರಿಯ ಮ್ಯಾನೇಜರ್ ಫೋನ್ ಮಾಡಿ ಹೇಳಿದ್ದನಂತೆ: ಈ ವಾರ ಒಂದೇ ಒಂದು ವಿಮಾನ ನಿಂತರೂ ಜನ ಟಿಕೆಟ್ ವಾಪಸ್ ಮಾಡಲು ಮುಗಿಬೀಳುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು.

ಆ ವಾರದಲ್ಲೇ ಒಂದು ಬೆಳಿಗ್ಗೆ, ಬಾಗಿಲು ತೆರೆದು ಕೂತಿದ್ದೇನೆ, ಕಂಪನಿಯ ವ್ಯಾನ್ ನಮ್ಮ ಗಲ್ಲಿಗೇ ನುಗ್ಗಿತು. ಒಳಗಿಂದ ಇಳಿದವರು ನರೆಗೂದಲಿನ ಕ್ಯಾಪ್ಟನ್, ಒಬ್ಬ ಎಳೆ ಪೈಲಟ್, ಒಬ್ಬಳು ಗಗನಸಖಿ. ರಾತ್ರಿಯಿಡೀ ಹಾರಿ ಬಂದ ಮುಖಗಳು. ಅಕ್ಕ ಕೈಯಲ್ಲಿದ್ದ ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಹೋಟೆಲಿನವರು ಬೀಗದ ಕೈ ಕೊಡಲ್ಲ ಅಂದ್ರು," ಭಾವ ತಗ್ಗಿದ ದನಿಯಲ್ಲಿ ಹೇಳಿದರು. "ಹಳೆ ಬಾಕಿ ತೀರೋವರೆಗೂ ಈ ಯೂನಿಫಾರ್ಮ್ ಹಾಕಿದೋರಿಗೆ ರೂಮಿಲ್ಲವಂತೆ. ಕ್ಯಾಪ್ಟನ್ ಸಾರ್ ತಮ್ಮ ಜೇಬಿಂದಲೇ ಕೊಡ್ತೀನಿ ಅಂದ್ರೂ ಕೇಳ್ಲಿಲ್ಲ."

"ಬಸ್ ಸ್ಟ್ಯಾಂಡ್ ಹತ್ತಿರ ಲಾಡ್ಜ್ ಇದೆಯಲ್ಲ ಭಾವ?" ಎಂದೆ.

"ಅಲ್ಲಿ ತಿಗಣೆಗೂ ನಿದ್ದೆ ಬರಲ್ಲ ಕಣೋ. ಇವರು ಸಂಜೆವರೆಗೆ ಮಲಗ್ಲೇಬೇಕು. ಪೈಲಟ್‌ಗೆ ಸರಿಯಾಗಿ ನಿದ್ದೆ ಆಗದಿದ್ರೆ ಹಾರೋ ಹಾಗಿಲ್ಲ, ಕಾನೂನೇ ಹಾಗಿದೆ. ಇವರು ಹಾರದಿದ್ರೆ ವಿಮಾನ ಇಲ್ಲ. ವಿಮಾನ ಇಲ್ಲದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಎಳೆ ಪೈಲಟ್‌ನನ್ನು ಪಕ್ಕದ ಮನೆಯ ಮಾಳಿಗೆಗೆ ಹತ್ತಿಸಿದರು, ಆತ ದಿಂಬಿಗೆ ತಲೆ ತಾಗುವ ಮೊದಲೇ ನಿದ್ದೆಹೋಗಿದ್ದ. ಗಗನಸಖಿಯನ್ನು ಟೈಲರಮ್ಮ ತನ್ನ ಮನೆಗೆ ಕರೆದೊಯ್ದು ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿದಳು. ಕ್ಯಾಪ್ಟನ್‌ಗೆ ಅಕ್ಕ ಭಾವನ ಕೋಣೆ. ಅಕ್ಕ ಪೆಟ್ಟಿಗೆಯಿಂದ ಹೊಸ ಹಾಸಿಗೆ ಬಟ್ಟೆ ತೆಗೆದಳು. ಅದನ್ನು ನಾನು, ಒಡಹುಟ್ಟಿದ ತಮ್ಮ, ಒಂದು ದಿನವೂ ಕಂಡವನಲ್ಲ.

ಇನ್ನು ಗಲ್ಲಿಯ ಬಾಯಿ ಮುಚ್ಚಿಸಬೇಕಿತ್ತು. ಹಗಲು ಹೊತ್ತು ನಮ್ಮ ಗಲ್ಲಿ ಅಂದರೆ ಸಾಮಾನ್ಯವಲ್ಲ. ಕುಕ್ಕರು, ಮಿಕ್ಸಿ, ನಲ್ಲಿ ನೀರಿನ ಜಗಳ, ತರಕಾರಿಯವನ ಮೈಕು, ಇದೆಲ್ಲದರ ಮೇಲೆ ನನ್ನ ಕಬ್ಬಿಣ ಕೊಯ್ಯುವ ಮಿಷನ್ನು. ಭಾವ ಮನೆಮನೆಗೆ ಹೋಗಿ ಕೈಮುಗಿದರು. ತರಕಾರಿಯವನನ್ನು ಗಲ್ಲಿಯ ಬಾಯಲ್ಲೇ ತಡೆದು ಮೈಕು ಬಂದ್ ಮಾಡಿಸಿದರು. ಹೆಂಗಸರು ಜಗಳವನ್ನು ಸಂಜೆಗೆ ಮುಂದೂಡಿದರು, ಕೈಸನ್ನೆಯಲ್ಲಿ ಒಂದಿಷ್ಟು ನಡೆಯಿತು ಅನ್ನಿ. ಕೊನೆಗೆ ಭಾವ ನನ್ನ ಹತ್ತಿರ ಬಂದು ಮಿಷನ್ನಿನ ಕಡೆ ನೋಡುತ್ತ ನಿಂತರು. ಮರುದಿನ ಕೊಡಬೇಕಾದ ಗೇಟೊಂದು ಅರ್ಧಕ್ಕೆ ನಿಂತಿತ್ತು.

"ನಿಮ್ಮ ಕಂಪನಿ ನಿಮಗೇ ಸಂಬಳ ಕೊಟ್ಟಿಲ್ಲ. ಅದಕ್ಕೆ ನಾನ್ಯಾಕೆ ಅಂಗಡಿ ಮುಚ್ಚಬೇಕು?" ಎಂದು ರೇಗಿದೆ.

"ಕಂಪನಿಗೆ ಬೇಡಪ್ಪ. ಸಂಜೆ ಆ ವಿಮಾನ ಹತ್ತೋರಿದ್ದಾರಲ್ಲ," ಎಂದರು.

ಈ ಮನುಷ್ಯನ ಹತ್ತಿರ ಜಗಳ ಆಡುವುದಕ್ಕೂ ಆಗುವುದಿಲ್ಲ. ಷಟರ್ ಎಳೆದರೆ ಸದ್ದಾಗುತ್ತದೆಂದು ಅದನ್ನೂ ಎಳೆಯದೆ, ಅಂಗಡಿಯೊಳಗೆ ಕೈಕಟ್ಟಿ ಕೂತೆ.

ಭಾವ ತಮ್ಮ ಕೋಣೆಯ ಕಿಟಕಿಯ ಹೊರಗೆ, ಜಗಲಿಯ ಮೇಲೆ ಕಾವಲು ಕೂತರು. ಕ್ಯಾಪ್ಟನ್‌ರನ್ನು ಕರೆತರಲು ನಸುಕಿಗೂ ಮುಂಚೆ ಎದ್ದವರು, ಕಣ್ಣು ಮಿಟುಕಿಸದೆ ಕೂತಿದ್ದರು. ನಡುಹಗಲಿಗೆ ಸರಿಯಾಗಿ ಕರೆಂಟು ಕೈಕೊಟ್ಟಿತು. ಕೋಣೆಯ ಫ್ಯಾನ್ ನಿಂತಿತು. ನಮ್ಮ ತಗಡಿನ ಚಾವಣಿಗಳ ಕೆಳಗೆ ಫ್ಯಾನಿಲ್ಲದೆ ಮಧ್ಯಾಹ್ನ ಕಳೆಯುವುದೆಂದರೆ ಬೇಯುವುದೇ ಸರಿ. ಭಾವ ಅತ್ತಿತ್ತ ನೋಡಿದರು. ಜಗಲಿಯಲ್ಲಿ ಆ ದಿನದ ಪೇಪರ್ ಬಿದ್ದಿತ್ತು, ಅವರ ಕಂಪನಿಯ ದಿವಾಳಿ ಸುದ್ದಿಯೇ ಮುಖಪುಟದಲ್ಲಿತ್ತು. ಅದನ್ನೇ ಮಡಿಸಿ, ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ, ಗಾಳಿ ಬೀಸಲು ಶುರು ಮಾಡಿದರು. ಬಲಗೈ ಸೋತರೆ ಎಡಗೈ, ಎಡಗೈ ಸೋತರೆ ಬಲಗೈ. ನಾನು ಹೋಗಿ ಪೇಪರ್ ಕಿತ್ತುಕೊಳ್ಳಲು ನೋಡಿದರೆ ತಲೆಯಲ್ಲಾಡಿಸಿ ಓಡಿಸಿದರು. ನಗು ಬಂತು, ಆದರೂ ಅಂಗಡಿ ಬಾಗಿಲಲ್ಲೇ ನಿಂತು ನೋಡುತ್ತಿದ್ದೆ.

ಇಳಿಹೊತ್ತಿಗೆ ಕ್ಯಾಪ್ಟನ್ ಹೊರಗೆ ಬಂದರು. ಮುಖ ತೊಳೆದು, ಟೋಪಿ ಹಾಕಿ, ಗುಂಡಿಗಳೆಲ್ಲ ನೆಟ್ಟಗೆ. ಉಳಿದಿಬ್ಬರೂ ತಯಾರಾಗಿದ್ದರು. ಅಕ್ಕ ಕೊಟ್ಟ ಟೀ ಕುಡಿದು, "ತುಂಬಾ ಉಪಕಾರ ಆಯ್ತಮ್ಮ" ಎಂದು ವ್ಯಾನ್ ಹತ್ತಿ ಕೂತರು. ಇಡೀ ಗಲ್ಲಿ ಬಾಗಿಲುಗಳಲ್ಲಿ ನಿಂತು ನೋಡುತ್ತಿತ್ತು. ಎಲ್ಲರ ಮುಖದಲ್ಲೂ ತಾವೇ ವಿಮಾನ ಹಾರಿಸುತ್ತಿದ್ದೇವೆ ಅನ್ನುವ ಗತ್ತು.

ಭಾವ ಡ್ರೈವರ್ ಸೀಟಿಗೆ ಹತ್ತಲಿಲ್ಲ. ಕ್ಯಾಪ್ಟನ್ ಕೂತಿದ್ದ ಬಾಗಿಲ ಬಳಿ ನಿಂತರು.

"ಸಾರ್, ನೀವು ಮಲಗಿಲ್ಲ."

"ಯಾರು ಹೇಳಿದ್ದು?"

"ನಾನೇ ಗಾಳಿ ಬೀಸ್ತಾ ಇದ್ದೆನಲ್ಲ ಸಾರ್. ಕರೆಂಟ್ ಹೋಗೋಕೆ ಮುಂಚೇನೂ ಮಂಚದ ತುದೀಲಿ ಕೂತೇ ಇದ್ರಿ. ನನ್ನ ಸದ್ದು ಕೇಳಿದಾಗ ಮಾತ್ರ ಮಲಗ್ತಿದ್ರಿ."

"ಸಾಲದ ಯೋಚನೆ ಕಣಯ್ಯ," ಎಂದರು ಕ್ಯಾಪ್ಟನ್. "ಮನೆ ಕಂತು ಕಟ್ಟಿಲ್ಲ. ಇವತ್ತು ಈ ವಿಮಾನ ಹೋಗದಿದ್ರೆ ಕಂಪನಿ ಇರಲ್ಲ. ನಿನಗೂ ಕೆಲಸ ಇರಲ್ಲ. ಗೊತ್ತು ತಾನೆ?"

"ಗೊತ್ತು ಸಾರ್."

"ಗೊತ್ತಿದ್ದೂ ಗಾಡಿ ತೆಗೀತಿಲ್ಲ?"

"ನೀವು ಇಲ್ಲೇ ನನ್ನ ಗಾಡಿ ಓಡಿಸ್ತೀನಿ ಅಂದ್ರೂ ಇವತ್ತು ಕೊಡ್ತಿರ್ಲಿಲ್ಲ ಸಾರ್. ಇನ್ನು ವಿಮಾನ ಹೇಗೆ ಬಿಡ್ಲಿ?"

ಮೇಷ್ಟ್ರು ಹುಡುಗನಿಗೆ ಬುದ್ಧಿ ಹೇಳಿದ ದನಿಯಲ್ಲ ಅದು. ಭಾವನ ಕಣ್ಣಲ್ಲಿ ನೀರಿತ್ತು. ಕ್ಯಾಪ್ಟನ್ ಭಾವನ ಮುಖವನ್ನೇ ನೋಡಿದರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಮುಖ್ಯ ಕಚೇರಿಗೆ ಫೋನ್ ಮಾಡಿದರು. "ನನಗೆ ನಿದ್ದೆ ಆಗಿಲ್ಲ. ನಾನು ಹಾರಲ್ಲ. ಬೆಳಿಗ್ಗೆ ಹೋಗ್ತೀನಿ," ಅಷ್ಟೇ.

ಅತ್ತ ಕಡೆಯ ಮ್ಯಾನೇಜರ್ ಕೂಗಾಡಿದ್ದು ನಮಗೆಲ್ಲ ಕೇಳಿಸಿತು. ಡ್ರೈವರಿಗೆ ಫೋನ್ ಕೊಡಿ ಎಂದ. ಅರ್ಜೆಂಟ್ ಇರುವ ಪ್ರಯಾಣಿಕರನ್ನಾದರೂ ವ್ಯಾನಿನಲ್ಲಿ ತುಂಬಿಕೊಂಡು ರಾತ್ರೋರಾತ್ರಿ ರಸ್ತೆ ಮೇಲೆ ಕರೆದುಕೊಂಡು ಹೋಗಬೇಕಂತೆ.

"ನಾನೂ ಮಲಗಿಲ್ಲ ಸಾರ್," ಎಂದರು ಭಾವ.

ವ್ಯಾನಿನೊಳಗೆ ಎಳೆ ಪೈಲಟ್ ನಕ್ಕುಬಿಟ್ಟ, ಗಗನಸಖಿ ಅವನ ಕಾಲು ತುಳಿದಳು. ಇನ್ನು ಕೆಲಸಕ್ಕೆ ಬರಬೇಡ ಎಂದು ಮ್ಯಾನೇಜರ್ ಕಿರುಚಿದ. ಭಾವ ಶಾಂತವಾಗಿ, "ಆಗ್ಲಿ ಸಾರ್. ಬೆಳಿಗ್ಗೆ ಇವರನ್ನ ಏರ್‌ಪೋರ್ಟಿಗೆ ಬಿಟ್ಟು, ಆಮೇಲೆ ಕೆಲಸಕ್ಕೆ ಬರಲ್ಲ" ಎಂದು ಫೋನ್ ವಾಪಸ್ ಕೊಟ್ಟರು.

ಎರಡು ತಿಂಗಳಲ್ಲಿ ಆ ಕಂಪನಿ ಬಾಗಿಲು ಹಾಕಿತು. ಮುಳುಗಿಸಿದ್ದು ನಿಮ್ಮ ಭಾವನೇ ಅಂತ ಇಂದಿಗೂ ನನ್ನ ಮುಖಕ್ಕೆ ಹೇಳುವವರಿದ್ದಾರೆ. ಸಂಬಳ ಕೊಡದವನು ಮುಳುಗಿಸಲಿಲ್ಲವಂತೆ, ಹೋಟೆಲಿಗೆ ಟೋಪಿ ಹಾಕಿದವನು ಮುಳುಗಿಸಲಿಲ್ಲವಂತೆ, ವ್ಯಾನ್ ತೆಗೆಯದೆ ನಿಂತವನು ಮುಳುಗಿಸಿದನಂತೆ! ಇಂಥವರ ಮನೆಗೆ ನಾನು ಗೇಟು ಮಾಡಿಕೊಡುವುದಿಲ್ಲ. ಆ ಸಂಜೆ ನನ್ನ ಭಾವನನ್ನು ಕಂಡು ನನಗಾದಷ್ಟು ಹೆಮ್ಮೆ, ಸ್ವಂತ ಅಪ್ಪನ ಬಗ್ಗೆಯೂ ಆಗಿರಲಿಲ್ಲ.

ಅವತ್ತು ಸಂಜೆ ಕರೆಂಟು ಇನ್ನೂ ಬಂದಿರಲಿಲ್ಲ. ಕ್ಯಾಪ್ಟನ್ ಯೂನಿಫಾರ್ಮ್ ಕಳಚಿ, ಭಾವನ ಲುಂಗಿಯೊಂದನ್ನು ಉಟ್ಟು, ಹಾಸಿಗೆಯನ್ನು ಜಗಲಿಗೇ ಎಳೆದು ತಂದರು. ಪಕ್ಕದಲ್ಲಿ ಭಾವ ಚಾಪೆ ಹಾಸಿಕೊಂಡರು. ಇಬ್ಬರೂ ಬಿದ್ದ ಕೂಡಲೇ ಗೊರಕೆ. ಗಲ್ಲಿಯವರು ಬೆಳಿಗ್ಗೆಯಿಂದ ಕಟ್ಟಿಟ್ಟ ಸದ್ದನ್ನೆಲ್ಲ ಬಿಚ್ಚಿದರು, ಕುಕ್ಕರು ಕೂಗಿತು, ನಲ್ಲಿಯ ಜಗಳ ನಿಂತಲ್ಲಿಂದಲೇ ಮುಂದುವರಿಯಿತು. ಮಲಗಿದವರು ಮಗ್ಗುಲು ಕೂಡ ಬದಲಿಸಲಿಲ್ಲ. ಅಕ್ಕ ಮೆಟ್ಟಿಲ ಮೇಲೆ ಕೂತು, ಗಂಡನ ಕೆಲಸ ಹೋಯಿತಲ್ಲ ಎಂದು ಸೆರಗಿನಿಂದ ಕಣ್ಣು ಒರೆಸುತ್ತ, ಅದೇ ಸೆರಗಿನಿಂದ ಇಬ್ಬರ ಮೇಲೆ ಕೂರುವ ಸೊಳ್ಳೆ ಓಡಿಸುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಆಟೋದಿಂದ ವಯಸ್ಸಾದ ಗಂಡ ಹೆಂಡತಿ ಇಳಿದರು, ಕೈಯಲ್ಲಿ ಎರಡು ಚೀಲ. ಆ ಸಂಜೆಯ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದವರು. ಹೆರಿಗೆಗೆ ದಿನ ಹತ್ತಿರವಾದ ಮಗಳ ಊರಿಗೆ ಹೊರಟಿದ್ದರಂತೆ. ವಿಮಾನ ನಿಲ್ದಾಣದಲ್ಲಿ ಯಾರೋ ನಡೆದದ್ದನ್ನು ತಿಳಿಸಿ ಈ ವಿಳಾಸ ಹೇಳಿದ್ದರು. ಗಂಡಸು ದೂರದಿಂದಲೇ ಕೂಗುತ್ತ ಬಂದರು.

"ಎಲ್ಲಿ ಆ ಡ್ರೈವರ್? ವಿಮಾನ ನಿಲ್ಲಿಸೋಕೆ ಅವನ್ಯಾರು?"

ಅಕ್ಕ ಎದ್ದು, ತುಟಿಯ ಮೇಲೆ ಬೆರಳಿಟ್ಟು, ಮಲಗಿದ್ದ ಇಬ್ಬರನ್ನೂ ತೋರಿಸಿದಳು. "ಇವರು ನನ್ನ ಯಜಮಾನರು. ಅವರು ನಿಮ್ಮ ಪೈಲಟ್. ಹಗಲೆಲ್ಲ ನಿದ್ದೆ ಇಲ್ಲ ಇಬ್ಬರಿಗೂ. ಅದಕ್ಕೇ ಹೋಗ್ಲಿಲ್ಲ. ಬೆಳಿಗ್ಗೆ ಹೋಗ್ತಾರೆ."

"ಹಾಗಾದ್ರೆ ರಾತ್ರಿ ಬಸ್ಸಿಗೇ..." ಎಂದು ಆತ ಹೆಂಡತಿಯ ಕಡೆ ತಿರುಗಿದರು. ಆಕೆ ಮಾತ್ರ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ಕ್ಯಾಪ್ಟನ್‌ರನ್ನೂ ಅವರ ಪಕ್ಕದಲ್ಲಿ ಮುದುಡಿ ಮಲಗಿದ್ದ ಭಾವನನ್ನೂ ನೋಡುತ್ತ ನಿಂತಿದ್ದರು. ಆಮೇಲೆ ಚೀಲ ಕೆಳಗಿಟ್ಟರು.

"ಬಸ್ಸು ಬೇಡ ರೀ," ಎಂದರು ಪಿಸುದನಿಯಲ್ಲಿ. "ಇವರು ಏಳಲಿ. ಇವರ ಜೊತೆಗೇ ಹೋಗೋಣ."

ಅಕ್ಕ ಮೆಟ್ಟಿಲ ಮೇಲೆ ಸರಿದು ಜಾಗ ಮಾಡಿದಳು.