ಗೇಟಮ್ಮನಿಗೆ ಸಿಗದ ಸೀಟು

ಐನೂರಕ್ಕೂ ಹೆಚ್ಚು ಜನ ಕೂರುವ ಎರಡಂತಸ್ತಿನ ವಿಮಾನವನ್ನು ಆಕಾಶಕ್ಕೇರಿಸುವ ಪೈಲಟ್‌ಗಳ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ಆ ವಿಮಾನ ಯಾವ ಊರಿಗೆ, ವಾರಕ್ಕೆ ಎಷ್ಟು ದಿನ, ಎಷ್ಟು ಗಂಟೆಗೆ ಹೊರಟರೆ ಸಂಸ್ಥೆ ಉಳಿದೀತು ಎಂದು ತಲೆ ಕೆಡಿಸಿಕೊಳ್ಳುವವರ ಚಿತ್ರವನ್ನು ಯಾರೂ ಅಚ್ಚು ಹಾಕುವುದಿಲ್ಲ. ಆ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆಸಿ, ಕಳೆದ ತಿಂಗಳು ನಮ್ಮ ಮಾರ್ಗ ಯೋಜನಾ ವಿಭಾಗದ ಮುಖ್ಯಸ್ಥರಾಗಿ ನಿವೃತ್ತರಾದ ಮಾನ್ಯರನ್ನು ಇಡೀ ಸಂಸ್ಥೆ ಪ್ರೀತಿಯಿಂದ ಕರೆಯುವುದು ಗೇಟಮ್ಮ ಎಂದು. ಅಭಿನಂದನ ಗ್ರಂಥದಲ್ಲಿ ಅಡ್ಡಹೆಸರು ಬೇಡವೆಂದು ಸಂಪಾದಕರು ಹೇಳಿದ್ದರು. ಕ್ಷಮಿಸಬೇಕು, ಬೇರೆ ಯಾವ ಹೆಸರಿನಿಂದ ಶುರು ಮಾಡಿದರೂ ನನ್ನ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ.

ಆ ಹೆಸರು ಬಂದದ್ದು ಅವರ ಕೆಲಸದ ರೀತಿಯಿಂದ. ಕಂಪ್ಯೂಟರಿನ ಪಟ್ಟಿ ಏನೇ ಹೇಳಲಿ, ವಾರಕ್ಕೆರಡು ದಿನ ಅವರು ಸ್ವತಃ ವಿಮಾನ ಹತ್ತುವ ಗೇಟಿನ ಪಕ್ಕ ನಿಂತು, ಅಂಗೈಯಲ್ಲಿ ಅಡಗುವಂಥ ಒಂದು ಎಣಿಕೆ ಯಂತ್ರವನ್ನು ಒತ್ತುತ್ತಾ ಪ್ರಯಾಣಿಕರನ್ನು ಒಬ್ಬೊಬ್ಬರಾಗಿ ಎಣಿಸುತ್ತಿದ್ದರು. ಹೊಸದಾಗಿ ಸೇರಿದವರಿಗೂ ಮೊದಲ ತಿಂಗಳು ಅದೇ ಕೆಲಸ. ಅರ್ಥಶಾಸ್ತ್ರದಲ್ಲಿ ಚಿನ್ನದ ಪದಕ ಹೊತ್ತು ಬಂದಿದ್ದ ನನಗೆ ಟಕ್ ಟಕ್ ಎನ್ನಿಸುತ್ತಾ ನಿಲ್ಲಲು ನಾಚಿಕೆಯಾಗುತ್ತಿತ್ತು. ಯಂತ್ರದ ಸ್ಪ್ರಿಂಗು ಮೂರು ಸಲ ಮುರಿದು, ಮೂರು ಸಲವೂ ಗಡಿಯಾರ ರಿಪೇರಿ ಮಾಡುವ ಅವರ ಯಜಮಾನರ ಕೈಯಲ್ಲಿ ಮರುಜನ್ಮ ಪಡೆಯಿತು.

ನಾನು ಸೇರಿದ ನಾಲ್ಕನೆಯ ವರ್ಷ ಸಂಸ್ಥೆಯಲ್ಲಿ ಅಂಥ ಮೂರು ದೈತ್ಯ ವಿಮಾನಗಳಿದ್ದವು. ಇನ್ನೆರಡನ್ನು ತರಿಸಲು ಅಧ್ಯಕ್ಷರು ತುದಿಗಾಲಲ್ಲಿ ನಿಂತಿದ್ದರು. ಪೂರ್ತಿ ತುಂಬಿದರೆ ತಲಾ ಖರ್ಚಿನಲ್ಲಿ ಅದಕ್ಕಿಂತ ಅಗ್ಗದ ವಿಮಾನ ನಮ್ಮಲ್ಲಿರಲಿಲ್ಲ. ಅರ್ಧ ಖಾಲಿ ಹೋದರೆ ಮಾತ್ರ ಐವತ್ತು ಜನರ ಹಂಡೆಯಲ್ಲಿ ಇಬ್ಬರಿಗೆ ನೀರು ಕಾಯಿಸಿದ ಹಾಗೆ. ನಾಲ್ಕು ಎಂಜಿನ್‌ಗಳು ಯಾರ ಮುಖವನ್ನೂ ನೋಡದೆ ಇಂಧನ ಕುಡಿಯುತ್ತವೆ. ಇರುವ ಮೂರು ತುಂಬುತ್ತಿವೆಯೇ ಎಂಬ ವರದಿ ನನ್ನ ಪಾಲಿಗೆ ಬಂತು. ನೂರಕ್ಕೆ ಎಂಬತ್ತಾರು ಸೀಟು ತುಂಬುತ್ತಿವೆ ಎಂದು ಎದೆಯುಬ್ಬಿಸಿ ಬರೆದೆ. ಮಗಳ ಬಾಣಂತನಕ್ಕೆಂದು ರಜೆಯಲ್ಲಿದ್ದ ಗೇಟಮ್ಮ ನನ್ನ ಮೇಲಿನ ನಂಬಿಕೆಯಿಂದ ಫೋನಿನಲ್ಲೇ ಒಪ್ಪಿಗೆ ಕೊಟ್ಟರು.

ಖರೀದಿಗೆ ಸಹಿ ಬೀಳಬೇಕಿದ್ದ ದಿನವೇ ಅವರು ಕೆಲಸಕ್ಕೆ ಮರಳಿದರು. ಬೆಳಿಗ್ಗೆ ಒಂಬತ್ತಕ್ಕೆ ನನ್ನ ವರದಿಯ ಪಕ್ಕದಲ್ಲಿ ತಮ್ಮ ಗೇಟಿನ ನೋಟ್‌ಬುಕ್ಕನ್ನು ತೆರೆದಿಟ್ಟು ನನ್ನನ್ನು ಕರೆದರು.

"ಇಲ್ಲಿ ನೋಡಪ್ಪ. ಹೋದ ವರ್ಷ ನಾನು ತೊಂಬತ್ತು ದಿನ ನಿಂತಿದೀನಿ. ಅದ್ರಲ್ಲಿ ಇಪ್ಪತ್ತೇಳು ದಿನ ಗೇಟಿಗೆ ಬಂದಿದ್ದು ಚಿಕ್ಕ ವಿಮಾನ. ಆ ದಿನಗಳೆಲ್ಲ ನಿನ್ನ ಪಟ್ಟೀಲಿ ಎಲ್ಲಿವೆ?"

ಎಲ್ಲೂ ಇರಲಿಲ್ಲ. ಜನ ಕಡಿಮೆಯಾದ ದಿನ ದೊಡ್ಡ ವಿಮಾನವನ್ನು ನಿಲ್ಲಿಸಿ ಚಿಕ್ಕದನ್ನು ಕಳಿಸುವುದು ನಮ್ಮಲ್ಲಿ ರೂಢಿ. ನಾನು ದೊಡ್ಡದು ಹಾರಿದ ದಿನಗಳನ್ನು ಮಾತ್ರ ಎಣಿಸಿ, ಅದು ಶೆಡ್ಡಿನಲ್ಲಿ ನಿಂತು ಬಾಡಿಗೆ ತಿಂದ ದಿನಗಳನ್ನು ಬಿಟ್ಟೇ ಬಿಟ್ಟಿದ್ದೆ. ಜನ ಇದ್ದ ದಿನ ಮಾತ್ರ ಹಾರಿದ ವಿಮಾನದಲ್ಲಿ ಜನ ಇದ್ದರು ಎಂದು ಪುಟಗಟ್ಟಲೆ ಬರೆದಿದ್ದೆ.

"ಮೇಡಂ, ನನ್ನ ಕೆಲಸ ಹೋಯ್ತು."

"ಒಪ್ಪಿಗೆ ಕೊಟ್ಟೋಳು ನಾನು. ನಡಿ, ಮೀಟಿಂಗು ಹನ್ನೊಂದಕ್ಕೆ."

ಅದೇ ಸಭೆಯಲ್ಲಿ ಅವರನ್ನು ನಿರ್ದೇಶಕರೆಂದು ಘೋಷಿಸುವುದಿತ್ತು. ಬಾಗಿಲಿಗೆ ಹಾಕುವ ಫಲಕವೂ ಬಂದು ಕೂತಿತ್ತು. ಅವರು ಎದ್ದು ನಿಂತು ವರದಿ ತಪ್ಪೆಂದರು, ತಪ್ಪು ತಮ್ಮದೆಂದರು. ನನ್ನ ಹೆಸರು ಅವರ ಬಾಯಿಂದ ಬರಲೇ ಇಲ್ಲ. ಖರೀದಿ ನಿಂತಿತು, ನಿರ್ದೇಶಕ ಹುದ್ದೆ ಬೇರೊಬ್ಬರ ಪಾಲಾಯಿತು. ಅವರು ಕೇಳಿದ್ದು ಒಂದೇ.

"ಇರೋ ಮೂರನ್ನ ತುಂಬಿಸೋಕೆ ಒಂದು ವರ್ಷ ಕೊಡಿ. ಆಗ್ಲಿಲ್ಲ ಅಂದ್ರೆ ಅವನ್ನೂ ಮಾರಿ, ನನ್ನನ್ನೂ ಮನೆಗೆ ಕಳಿಸಿ."

ಆ ವರ್ಷವನ್ನು ನೆನೆದರೆ ಇಂದಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಸಣ್ಣ ಊರುಗಳಿಂದ ನಮ್ಮ ಚಿಕ್ಕ ವಿಮಾನಗಳಲ್ಲಿ ಬಂದಿಳಿದವರು, ಆಗಷ್ಟೇ ಹೊರಟ ನಮ್ಮದೇ ದೊಡ್ಡ ವಿಮಾನದ ಬಾಲವನ್ನು ಕಿಟಕಿಯಿಂದ ನೋಡಿ, ಬೇರೆ ಸಂಸ್ಥೆಯ ಕೌಂಟರಿಗೆ ನಡೆಯುತ್ತಿದ್ದುದನ್ನು ಗೇಟಮ್ಮ ಗೇಟಿನಲ್ಲಿ ನಿಂತೇ ಕಂಡುಕೊಂಡಿದ್ದರು. ಇಪ್ಪತ್ತಮೂರು ಚಿಕ್ಕ ವಿಮಾನಗಳು ನಲವತ್ತು ನಿಮಿಷ ಮೊದಲೇ ಬಂದಿಳಿಯುವಂತೆ ಮಾಡಬೇಕಿತ್ತು. ಊರೂರಿನ ಮ್ಯಾನೇಜರುಗಳನ್ನು ಕಾಡಿ ಬೇಡಿ, ಶುಚಿ ಮಾಡುವವರ ಪಾಳಿಯನ್ನೂ ಅವರ ಜೊತೆಯಲ್ಲೇ ಕೂತು ಬದಲಿಸಿ, ಹನ್ನೊಂದನೆಯ ತಿಂಗಳಿಗೆ ಎಲ್ಲವೂ ಒಂದು ಹದಕ್ಕೆ ಬಂತು.

ಹೊಸ ವೇಳಾಪಟ್ಟಿಯ ಮೊದಲ ದಿನ ಯಂತ್ರ ನನ್ನ ಕೈಯಲ್ಲಿತ್ತು. ನಾನೂರು ದಾಟಿತು, ಐನೂರು ದಾಟಿತು, ಐನೂರ ಹನ್ನೊಂದಕ್ಕೆ ನಿಂತಿತು. ಇದ್ದದ್ದು ಐನೂರ ಹನ್ನೆರಡು ಸೀಟು. ಬಾಗಿಲು ಹಾಕುವಷ್ಟರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬ ಅಜ್ಜಿ ಓಡಿ ಬಂದರು. ಖುಷಿಯಲ್ಲಿ ಟಕ್ ಟಕ್ ಎನ್ನಿಸಿದೆ, ಯಂತ್ರ ಐನೂರ ಹದಿಮೂರು ತೋರಿಸಿತು.

"ಎರಡು ಸಲ ಒತ್ತಿದೆ ನೀನು," ಎಂದರು ಗೇಟಮ್ಮ. "ಒಂದು ಕಳಿ."

ಆಮೇಲೆ ಬೇರೆ ಸಂಸ್ಥೆಗಳು ತಮ್ಮ ದೈತ್ಯರನ್ನು ಒಂದೊಂದಾಗಿ ಮೂಲೆಗೆ ತಳ್ಳಿದವು. ನಮ್ಮ ಮೂರು ಇಂದಿಗೂ ಹಾರುತ್ತಿವೆ.

ಕಳೆದ ಭಾನುವಾರ ಗೇಟಮ್ಮ ಮತ್ತು ಅವರ ಯಜಮಾನರು ಎರಡು ಸೂಟ್‌ಕೇಸು ಹಿಡಿದು, ಸಂಸ್ಥೆ ಕೊಟ್ಟ ನಿವೃತ್ತಿ ಟಿಕೆಟ್ಟಿನಲ್ಲಿ, ನಮ್ಮ ದೊಡ್ಡ ವಿಮಾನದಲ್ಲೇ ಮೊಮ್ಮಗಳನ್ನು ನೋಡಲು ಹೊರಟರು. ಸೀಟು ಖಾಲಿ ಉಳಿದರೆ ಮಾತ್ರ ಆ ಟಿಕೆಟ್ಟು ನಡೆಯುತ್ತದೆ. ಬೀಳ್ಕೊಡಲು ನಾನೂ ಹೋಗಿದ್ದೆ. ಗೇಟಿನ ಹುಡುಗಿ ಪರದೆ ನೋಡಿ ತಲೆ ತಗ್ಗಿಸಿದಳು.

"ಕ್ಷಮಿಸಿ ಮೇಡಂ. ಒಂದು ಸೀಟೂ ಇಲ್ಲ."

"ಮೂವತ್ತೊಂದು ವರ್ಷ ದುಡಿದಿದ್ದಕ್ಕೆ ಇದೇನಾ ಬಹುಮಾನ?" ಎಂದು ಯಜಮಾನರು ಸೂಟ್‌ಕೇಸು ಕೆಳಗಿಟ್ಟರು.

"ಇದೇ ರೀ," ಎಂದರು ಗೇಟಮ್ಮ. ಅವರ ಕಣ್ಣು ತುಂಬಿತ್ತು, ಮುಖವೆಲ್ಲ ನಗುವಾಗಿತ್ತು. ನಂಬಿಕೆ ಬರಲಿಲ್ಲವೇನೋ, ಕೈಚೀಲದಿಂದ ಹಳೆಯ ಯಂತ್ರ ತೆಗೆದು ಗೇಟಿನ ಪಕ್ಕದಲ್ಲಿ ನಿಂತು ಹತ್ತುವವರನ್ನು ಎಣಿಸತೊಡಗಿದರು.

ಪೂಜ್ಯರು ನೂರು ವರ್ಷ ಆರೋಗ್ಯದಿಂದ ಬಾಳಲಿ, ಅವರ ಅಂಗೈಯ ಯಂತ್ರಕ್ಕೆ ಬಿಡುವು ಸಿಗದಿರಲಿ. ಮೊಮ್ಮಗಳ ಬಳಿಗೆ ಹೋಗಲು ಬೇರೆ ದಾರಿಗಳಿವೆ. ನಮ್ಮ ದೊಡ್ಡ ವಿಮಾನದಲ್ಲಿ ಮಾತ್ರ ಅವರಿಗೆ ಎಂದೆಂದಿಗೂ ಸೀಟು ಸಿಗದಿರಲಿ.