ನೀರಲ್ಲಿ ಅದ್ದಿದ ಎರಡು ಪಕಳೆ

ಘತ್ತರಗಿಯ ತಾಯಿ ಭಾಗ್ಯವಂತಿಯನ್ನು ನಂಬಿ ಬದುಕುವ ಅಕ್ಕ ತಂಗಿಯರಿಗೆ, ಅಣ್ಣ ತಮ್ಮಂದಿರಿಗೆ ಶರಣು.

ನನಗೆ ದಮ್ಮು ಇದೆ. ಆಳಂದದ ತವರಿನಲ್ಲಿ ಚಿಕ್ಕವಳಿದ್ದಾಗಿನಿಂದಲೂ ಇದೆ. ತೊಗರಿ ರಾಶಿ ಶುರುವಾದರೆ ಸಾಕು, ಆ ದೂಳಿಗೆ ನನ್ನ ಎದೆ ಸುಂಯ್ ಎನ್ನುತ್ತಿತ್ತು. ಎಲ್ಲರೂ ಹೊಲಕ್ಕೆ ಹೋದರೆ ನಾನು ಕಿಟಕಿ ಮುಚ್ಚಿ ಒಳಗೆ ಕೂಡಬೇಕು. ‘ಇದು ಮನ್ಯಾಗ ಕೂಡು ಜೀವ’ ಎಂದು ನನ್ನ ಮುಂದೆಯೇ ಎಲ್ಲರೂ ಅನ್ನುತ್ತಿದ್ದರು. ಆ ಮಾತಿನ ಸಿಟ್ಟಿಗೇ ನಾನು ಬಸ್ ಕಂಡಕ್ಟರ್ ಆದೆನೋ ಏನೋ. ಮದುವೆಯಾಗಿ ಅಫಜಲಪುರಕ್ಕೆ ಬಂದ ಮೇಲೆ ಅಲ್ಲಿನ ಡಿಪೋದಲ್ಲೇ ನೌಕರಿ. ಟಿಕೆಟ್ ಚೀಲದಲ್ಲಿ ಉಸಿರು ಕಟ್ಟಿದಾಗ ಎಳೆದುಕೊಳ್ಳುವ ದಮ್ಮಿನ ಪಂಪು ಒಂದು, ಅದರ ಪಕ್ಕದಲ್ಲಿ ತಾಯಿಯ ಸಣ್ಣ ಫೋಟೊ ಒಂದು. ಎರಡನ್ನೂ ಬಿಟ್ಟು ಬಸ್ ಹತ್ತಿದವಳಲ್ಲ.

ಜಗತ್ತಿಗೆಲ್ಲ ಆ ದೊಡ್ಡ ರೋಗ ಬಂದ ಮೊದಲ ವರ್ಷ ಬಸ್ಸುಗಳೇ ನಿಂತವು. ಎಲ್ಲರೂ ಮನೆಯಲ್ಲಿ ಕೂತರು, ನಾನೂ ಕೂತೆ. ಅದರಲ್ಲಿ ಯೋಚಿಸುವುದು ಏನೂ ಇರಲಿಲ್ಲ. ಕಷ್ಟ ಬಂದದ್ದು ಎರಡನೆಯ ವರ್ಷ. ಬಸ್ಸುಗಳು ಓಡುತ್ತಿದ್ದವು, ಪುಣೆ, ಮುಂಬೈ, ಸೊಲ್ಲಾಪುರದಿಂದ ಜನ ಗಂಟುಮೂಟೆ ಕಟ್ಟಿಕೊಂಡು ತಿರುಗಿ ಬರುತ್ತಿದ್ದರು, ಮತ್ತು ಬಸ್ಸಿನ ತುಂಬ ಕೆಮ್ಮು. ನನಗೆ ಮಾಸ್ಕ್ ಹಾಕಿದರೆ ಉಸಿರು ಕಟ್ಟುತ್ತಿತ್ತು, ತೆಗೆದರೆ ಜೀವ ಅಂಜುತ್ತಿತ್ತು. ಸೀಟಿ ಊದಲು ಪ್ರತಿ ಸ್ಟಾಪಿನಲ್ಲೂ ಮಾಸ್ಕ್ ಕೆಳಗೆ ಎಳೆಯಬೇಕು. ಅದನ್ನು ನೋಡಿ ನಮ್ಮ ಡ್ರೈವರ್ ಮಹಿಬೂಬ್ ಅಣ್ಣ ಒಂದು ದಿನ ಅಂದ:

“ಸೀಟಿ ಬಿಡು ತಂಗಿ. ಬಾಗಲಾ ಬಡಿ ಸಾಕು, ನಾ ಕೇಳ್ತೇನಿ.”

ಅವತ್ತಿನಿಂದ ಒಂದು ಸಲ ಬಡಿದರೆ ನಿಲ್ಲಿಸು, ಎರಡು ಸಲ ಬಡಿದರೆ ಹೊರಡು. ಅಂಗೈ ಕೆಂಪಾಗುತ್ತಿತ್ತು.

ಜೇವರ್ಗಿಯಲ್ಲಿ ನಾನು ಮೊದಲಿನಿಂದ ತೋರಿಸುವ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, “ರಜಾ ಹಾಕಿ ಮನ್ಯಾಗ ಇರ್ರಿ. ಈ ರೋಗ ನಿಮಗ ಹತ್ತಿದ್ರ ಭಾರಿ ತ್ರಾಸ ಆಗ್ತದ,” ಎಂದರು. ಇತ್ತ ಡಿಪೋದಲ್ಲಿ ದಿನಕ್ಕೊಬ್ಬರು ಹಾಸಿಗೆ ಹಿಡಿಯುತ್ತಿದ್ದರು. ಇದ್ದವರೇ ಎರಡೆರಡು ಪಾಳಿ ಮಾಡುತ್ತಿದ್ದರು. ಅವರನ್ನು ಬಿಟ್ಟು ನಾನೊಬ್ಬಳು ಒಳಗೆ ಕೂಡುವುದು ಹೇಗೆ? ಒಂದು ಸಲ ಕೂತರೆ ಕೂತೇ ಬಿಡುತ್ತೇನೆ, ಆಳಂದದವರ ಮಾತೇ ನಿಜವಾಗುತ್ತದೆ ಎಂಬ ಭಯ ಬೇರೆ. ನನ್ನ ಗಂಡ ಮೋಟಾರ್ ರಿವೈಂಡಿಂಗ್ ಮಾಡುವವರು, ಮಾತು ಕಡಿಮೆ. “ನಿನ್ನ ಜೀವ ಅದ, ನೀನೇ ನೋಡು,” ಎಂದರು.

ಆಗ ನಮ್ಮ ಅತ್ತೆ ನಡುವೆ ಬಂದರು. ಅವರ ಹೆಸರು ಭಾಗಮ್ಮ. ತಾಯಿಯ ಹೆಸರೇ ಇಟ್ಟುಕೊಂಡವರು. ಬಸ್ಸಿನಲ್ಲಿ ಇಡೀ ಊರನ್ನು ಬೈದು ಒಳಗೆ ತಳ್ಳುವ ನನಗೆ ಅವರ ಮುಂದೆ ಬಾಯಿ ಏಳುತ್ತಿರಲಿಲ್ಲ.

“ನೀ ಒಬ್ಬಾಕೇ ತಲಿ ಕೆಡಿಸ್ಕೊಳ್ಳೂದು ಬ್ಯಾಡ. ತಾಯಿಗೆ ಹೂ ಕೇಳೂಣು,” ಎಂದರು.

ಹೂ ಕೇಳುವುದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಿಂದು ಮಡಿಯಲ್ಲಿ ಎರಡು ಪಕಳೆಯನ್ನು ನೀರಲ್ಲಿ ಅದ್ದಿ ದೇವಿಯ ಬಲಕ್ಕೊಂದು ಎಡಕ್ಕೊಂದು ಅಂಟಿಸಬೇಕು. ಮನಸ್ಸಿನಲ್ಲಿರುವುದನ್ನು ಕೇಳಬೇಕು. ಬಲದ್ದು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬೇಡ. ಗುಡಿಯ ಬಾಗಿಲು ಮುಚ್ಚಿದ್ದರಿಂದ ಅತ್ತೆ ಮನೆಯ ದೇವರ ಜಗಲಿಯ ಮೇಲಿನ ತಾಯಿಯ ಮೂರ್ತಿಯ ಮುಖಕ್ಕೇ ಪಕಳೆ ಅಂಟಿಸಿದರು. ನಾವು ಹಿಂದೆ ಕೈಮುಗಿದು ನಿಂತಿದ್ದೆವು.

“ಯವ್ವಾ, ನನ್ನ ಸೊಸಿ ಈ ಪೀಡಾ ಹೋಗೂತನಾ ಮನ್ಯಾಗ ಉಳಿಲೇನು?”

ಕೇಳಿ ಮುಗಿಸುವುದರೊಳಗೆ ಬಲಗಡೆಯ ಪಕಳೆ ಜಾರಿ ಬಿತ್ತು. ತಾಯಿ ಅಷ್ಟು ಬೇಗ ಹೂ ಕೊಟ್ಟದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮರುದಿನವೇ ರಜೆ ಹಾಕಿದೆ.

ಮುಂದೆ ನಾನು ಒಳಕೋಣೆಯಲ್ಲಿ, ಹೊರಗಿನದೆಲ್ಲ ಅತ್ತೆಯ ಪಾಲಿಗೆ. ಗಿರಣಿಗೆ ಹಿಟ್ಟು ಬೀಸಿಸಲು ಅವರೇ, ಸಂತೆಗೆ ಅವರೇ, ನನ್ನ ಪಂಪು ತರಲು ಔಷಧ ಅಂಗಡಿಯ ಮುಂದೆ ನಿಲ್ಲುವುದಕ್ಕೂ ಅವರೇ. ನಾನು ಹೊಸ್ತಿಲಿಗೆ ಕಾಲಿಟ್ಟರೆ ಸಾಕು, ನನ್ನದೇ ಧಾಟಿಯಲ್ಲಿ ಕೂಗುತ್ತಿದ್ದರು: “ಒಳಗ ನಡಿ, ಒಳಗ ನಡಿ! ಮುಂದ ಜಾಗಾ ಅದ!” ನನಗೆ ಸಿಟ್ಟೂ ಬರುತ್ತಿತ್ತು, ನಗೆಯೂ ಬರುತ್ತಿತ್ತು. ಆಮೇಲೆ ಒಂದು ದಿನ ಅವರು ಹಾಗೆ ಕೂಗಲು ಬಾಯಿ ತೆರೆದು, ಕೂಗಲಾರದೆ ಕೆಮ್ಮಿದರು.

ಗಂಡನಿಗೂ ಜ್ವರ ಬಂತು. ಇಬ್ಬರಿಗೂ ಅದೇ ರೋಗ ಎಂದಾಯಿತು. ಗಂಡ ಹೊರಗಿನ ಕೋಣೆಯಲ್ಲಿ ಮಲಗಿದರು. ಅತ್ತೆಗೆ ಉಸಿರಾಡುವುದೇ ಕಷ್ಟವಾಗಿ ಆಂಬುಲೆನ್ಸಿನವರು ಊರಿನ ಆಸ್ಪತ್ರೆಗೆ ಒಯ್ದು ಆಕ್ಸಿಜನ್ ಹಚ್ಚಿದರು. ಅಲ್ಲಿಂದ ಸಿಸ್ಟರ್ ಫೋನ್ ಮಾಡಿದಳು: “ಅಜ್ಜಿ ಹತ್ರ ಯಾರರೆ ಒಬ್ರು ಇರಬೇಕ್ರಿ. ಊಟ ಮಾಡ್ಸಾಕ, ಮಗ್ಗಲಾ ಹೊಳ್ಳಿಸಾಕ. ನಾವು ಎಷ್ಟ್ ಮಂದಿಗಂತ ಆಗೂಣ್ರಿ?”

ಇರುವವಳು ನಾನೊಬ್ಬಳೇ. ನಾನು ಚೀಲಕ್ಕೆ ಪಂಪು ಹಾಕಿಕೊಳ್ಳುವುದನ್ನು ನೋಡಿ ಗಂಡ ಗೋಡೆ ಹಿಡಿದು ಎದ್ದು ಬಂದರು.

“ಹೋಗಬ್ಯಾಡ ಶಾಂತಾ. ಅವ್ವನೂ ಹೋಗಿ ನೀನೂ ಹೋದ್ರ ನಾ ಏನ್ ಮಾಡ್ಲಿ?”

ಅವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ನನಗೆ ಸಾಯುವ ಅಂಜಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ದೊಡ್ಡ ಅಂಜಿಕೆ ಇನ್ನೊಂದಿತ್ತು. ತಾಯಿ ಒಳಗಿರು ಎಂದು ಹೂ ಕೊಟ್ಟಿದ್ದಾಳೆ, ಹೂ ಮೀರಿದವರಿಗೆ ಒಳ್ಳೆಯದಾಗುವುದಿಲ್ಲ ಎನ್ನುತ್ತಾರೆ. ಜಗಲಿಯ ಮುಂದೆ ನಿಂತು, “ಏನ್ ಶಿಕ್ಷಾ ಕೊಡ್ತಿ ನನಗ ಕೊಡು. ಆಕಿ ಒಬ್ಬಾಕೀನ ಹ್ಯಾಂಗ ಬಿಡ್ಲಿ?” ಎಂದು ಜಗಳವಾಡಿದಂತೆ ಹೇಳಿ, ಎರಡು ಮಾಸ್ಕ್ ಹಾಕಿಕೊಂಡು ಹೊರಬಿದ್ದೆ.

ವಾರ್ಡಿನ ಮೂಲೆಯ ಮಂಚದಲ್ಲಿ ಅತ್ತೆ ಅಂಗೈಯಷ್ಟಾಗಿ ಮಲಗಿದ್ದರು. ನನ್ನನ್ನು ಕಂಡದ್ದೇ ಕಣ್ಣು ಕೆರಳಿದವು.

“ಯಾಕ ಬಂದಿ? ಇಳಿ, ಇಳಿ.”

“ಇಳಿಯೂದಿಲ್ರಿ ಅತ್ತಿ. ಟಿಕೆಟ್ ತಗೊಂಡೇ ಬಂದೀನಿ,” ಎಂದೆ. ಅವರು ನಗಲಿಲ್ಲ.

ಗಂಜಿ ಕುಡಿಸಿದೆ, ತಲೆ ಬಾಚಿದೆ. ಅವರು ಮಲಗಲೊಲ್ಲರು. ಕಣ್ಣು ಮುಚ್ಚಿದರೆ ಬೆಚ್ಚಿ ಎಚ್ಚರಾಗುವರು. ಉಸಿರಿಗಿಂತ ಹೆಚ್ಚಾಗಿ ಬೇರೇನೋ ಅವರನ್ನು ಕಾಡುತ್ತಿದೆ ಅನಿಸಿತು. ನನಗೂ ಮನಸ್ಸು ತಡೆಯದೆ, “ಹೂ ಮೀರಿ ಬಂದೀನ್ರಿ ಅತ್ತಿ. ತಾಯಿಗೆ ನೀವರೆ ಒಂದ್ ಮಾತು ಹೇಳ್ರಿ,” ಎಂದೆ. ಅದನ್ನು ಕೇಳಿ ಅವರು ಮುಖ ಆಚೆ ತಿರುಗಿಸಿ ಅಳತೊಡಗಿದರು.

“ಹೂ ಎಲ್ಲಿತ್ತು ಮೀರಾಕ? ಬಲಗಡೀ ಪಕಳಿ ನಾ ನೀರಾಗ ಅದ್ದಲಿಲ್ಲ. ಒಣದೇ ಇಟ್ಟೆ.”

ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಒದ್ದೆ ಪಕಳೆ ಹಿಡಿದು ನಿಲ್ಲುತ್ತದೆ, ಒಣಗಿದ್ದು ಬಿದ್ದೇ ಬೀಳುತ್ತದೆ. ಅದಕ್ಕೇ ಅಷ್ಟು ಬೇಗ ಬಿದ್ದದ್ದು.

“ಎಡಕ್ಕ ಕೊಟ್ರ ನೀ ಡ್ಯೂಟಿಗೆ ಹೋಗಾಕಿ, ಸಾಯಾಕಿ. ನಾ ಅಷ್ಟು ಧೈರ್ಯ ಎಲ್ಲಿಂದ ತರ್ಲಿ? ತಾಯಿ ಕಣ್ಣ ಮುಂದ ಮೋಸಾ ಮಾಡ್ದೆ ಬೇ. ಈಗ ಆಕಿ ನನ್ನ ಕೈ ಬಿಟ್ಟಾಳ. ನಾ ಯಾವ ಮಾರಿ ತಗೊಂಡು ಆಕಿ ಹತ್ರ ಹೋಗ್ಲಿ?”

ಜೀವಮಾನವೆಲ್ಲ ಹುಣ್ಣಿಮೆ ಅಮಾವಾಸ್ಯೆ ತಪ್ಪಿಸದೆ ಘತ್ತರಗಿಗೆ ನಡೆದ ಹೆಂಗಸು. ನನಗಾಗಿ ಒಂದೇ ಒಂದು ಸಲ ತಾಯಿಗೆ ಸುಳ್ಳು ಹೇಳಿ, ಈಗ ಆ ತಾಯಿಗೇ ಅಂಜಿ ಕಣ್ಣು ಮುಚ್ಚಲಾರದೆ ಮಲಗಿದ್ದರು. ನಾನು ಏನು ಹೇಳಿದರೂ ಕೇಳಲಿಲ್ಲ. ನನಗೆ ದುಃಖ ಒತ್ತಿ ಬಂದು ಎದೆ ಬಿಗಿಯಿತು. ಹೊರಗೆ ಬೇವಿನ ಮರದ ಕೆಳಗೆ ಹೋಗಿ ಪಂಪು ಎಳೆದುಕೊಂಡು, ಚೀಲದಿಂದ ಫೋಟೊ ತೆಗೆದು ತಾಯಿಯ ಮುಖ ನೋಡಿದೆ. ವಾರ್ಡಿನ ಡಾಕ್ಟರು ಆಗಲೇ ಆಸೆಯಿಲ್ಲ ಎಂದು ತಲೆಯಾಡಿಸಿ ಹೋಗಿದ್ದರು. ಹೀಗಾಗಿ ಅತ್ತೆಯ ಜೀವ ಉಳಿಸು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಒಂದನ್ನೇ ಕೇಳಿದೆ: ತಾಯಿ, ಈಕೆಯ ಅಂಜಿಕೆ ತೆಗೆ. ಇನ್ನೇನೂ ಬೇಡ.

ನಾನು ಇನ್ನೂ ಅಲ್ಲೇ ಕೂತಿರುವಾಗ ಮಹಿಬೂಬ್ ಅಣ್ಣ ಬೈಕಿನಲ್ಲಿ ಬಂದ. ಅವನ ಊರು ಯಡ್ರಾಮಿ ಕಡೆ. ಮನೆಯಿಂದ ಗಂಜಿ, ರೊಟ್ಟಿ ಕಟ್ಟಿಸಿಕೊಂಡು ಬಂದಿದ್ದ. ದೂರದಲ್ಲೇ ನಿಂತು ಗಂಟನ್ನು ಕಟ್ಟೆಯ ಮೇಲೆ ಇಟ್ಟ. ಗಂಟಿನ ಮೇಲೆ ಒಂದು ಎಲೆಯ ಪೊಟ್ಟಣ ಇತ್ತು.

“ಅದೇನ್ ಅಣ್ಣಾ?”

“ಹೂ ಬೇ ತಂಗಿ. ಘತ್ತರಗಿ ಮ್ಯಾಲಿಂದ ಬಂದೆ. ಗುಡಿ ಬಾಗಲಾ ಹಾಕಿತ್ತು. ಹೊರಗ ಕಣಗಲ ಗಿಡಾ ತುಂಬ ಹೂ ಆಗಿ ಉದುರಾಕತ್ತಿತ್ತು. ಅವ್ವಗ ಬೇಕಾದೀತೇನೋ ಅಂತ ನಾಕ್ ಹರ್ಕೊಂಡ್ ಬಂದೆ. ತಪ್ಪಾತೇನು?”

ನಾನು ಅವನಿಗೆ ಏನೂ ಹೇಳಿ ಕಳಿಸಿರಲಿಲ್ಲ. ಆ ದಿನಗಳಲ್ಲಿ ಪೇಟೆಯಲ್ಲಿ ಒಂದು ಹೂ ಸಿಗುತ್ತಿರಲಿಲ್ಲ. ನಾನು ಪೊಟ್ಟಣ ಎದೆಗವಚಿಕೊಂಡು ಗಳಗಳನೆ ಅತ್ತುಬಿಟ್ಟೆ. ಅವನು ಗಾಬರಿಯಾಗಿ, “ಅವ್ವಾ ಆರಾಮ ಅದಾಳಿಲ್ಲೋ?” ಎಂದ.

ಒಳಗೆ ಬಂದು ಫೋಟೊವನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ, ನೀರಿನ ಬಾಟಲಿಗೆ ಆನಿಸಿ ನಿಲ್ಲಿಸಿದೆ. ಫ್ಯಾನಿನ ಗಾಳಿ ಆ ಮೂಲೆಗೆ ತಲುಪುತ್ತಿರಲಿಲ್ಲ. “ಅತ್ತಿ, ಮತ್ತೊಮ್ಮೆ ಕೇಳೂಣ್ರಿ. ತಾಯೇ ಹೂ ಕಳಿಸ್ಯಾಳ,” ಎಂದೆ. ಅವರು ಬೇಡ ಬೇಡ ಎಂದು ಕೈಯಾಡಿಸಿದರು. ಎಡಕ್ಕೆ ಬಿದ್ದರೆ? ನನಗೂ ಅದೇ ಭಯ. ನಿಜ ಹೇಳುತ್ತೇನೆ, ಬಲಗಡೆಯ ಪಕಳೆಯನ್ನು ಸೆರಗಿಗೆ ಒರೆಸಿಬಿಡೋಣ ಎಂದು ನನ್ನ ಮನಸ್ಸು ಜಗ್ಗಿತು. ಅತ್ತೆ ಅವತ್ತು ಯಾಕೆ ಹಾಗೆ ಮಾಡಿದರು ಎನ್ನುವುದು ನನಗೆ ಸರಿಯಾಗಿ ಅರ್ಥವಾದದ್ದು ಆಗಲೇ. ಆದರೆ ಅವರಿಗೆ ಬೇಕಾಗಿದ್ದದ್ದು ನನ್ನ ಉತ್ತರ ಅಲ್ಲ, ತಾಯಿಯದು. ಎರಡೂ ಪಕಳೆಯನ್ನು ಲೋಟದ ನೀರಲ್ಲಿ ಮುಳುಗಿಸಿ, ನೀರು ತೊಟ್ಟಿಕ್ಕುವ ಹಾಗೆಯೇ ಅಂಟಿಸಿದೆ.

“ತಾಯಿ, ನಮ್ಮ ಅತ್ತಿ ತಪ್ಪು ಹೊಟ್ಟ್ಯಾಗ ಹಾಕ್ಕೊಂಡಿಯೇನು?”

ಬೀಳಲಿಲ್ಲ. ಎರಡೂ ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಪಕ್ಕದ ಮಂಚದವರೂ ಮಾತು ನಿಲ್ಲಿಸಿ ನೋಡುತ್ತಿದ್ದರು. ಅತ್ತೆಯ ಕಣ್ಣು ಫೋಟೊ ಬಿಟ್ಟು ಕದಲಲಿಲ್ಲ. ನಾನೇ ಹುಚ್ಚಿ, ಸಾಯುವ ಜೀವಕ್ಕೆ ಇನ್ನಷ್ಟು ಹಿಂಸೆ ಕೊಡುತ್ತಿದ್ದೇನೆ ಎಂದು ನನ್ನನ್ನೇ ಬೈದುಕೊಂಡೆ. ತೆಗೆದುಬಿಡೋಣ ಎಂದು ಕೈ ಚಾಚಬೇಕು, ಅಷ್ಟರಲ್ಲಿ ಬಲಗಡೆಯ ಪಕಳೆ ಮೆಲ್ಲಗೆ ಕಳಚಿ ಸ್ಟೂಲಿನ ಮೇಲೆ ಬಿತ್ತು.

ಅತ್ತೆ ಅನುಮಾನದಿಂದ ನನ್ನನ್ನು ನೋಡಿದರು.

“ಕೈ ತೋರ್ಸು.”

ತೋರಿಸಿದೆ. ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಬಿದ್ದ ಪಕಳೆಯನ್ನೂ ಮುಟ್ಟಿದರು. ಎಲ್ಲ ಇನ್ನೂ ಒದ್ದೆಯಾಗಿತ್ತು.

“ಎರಡೂ ಅದ್ದಿದ್ದಿ?”

“ಎರಡೂ ಅದ್ದೀನ್ರಿ ಅತ್ತಿ.”

“ನೀ ನನಗಿಂತ ಚಲೋಕಿ ಬಿಡು,” ಎಂದು ನಕ್ಕರು. ಆ ನಗೆಯಲ್ಲಿ ಅಂಜಿಕೆ ಇರಲಿಲ್ಲ. ಮಹಿಬೂಬ್ ಅಣ್ಣನ ಮನೆಯ ಗಂಜಿ ಕುಡಿದು, ನನ್ನ ಕೈ ಹಿಡಿದುಕೊಂಡು ಮಗುವಿನಂತೆ ನಿದ್ದೆ ಮಾಡಿದರು. ಮರುದಿನ ಮಧ್ಯಾಹ್ನ ಹಾಗೆಯೇ, ಬೆಚ್ಚದೆ, ಹೋದರು.

ಹಣೆಗೆ ವಿಭೂತಿ ಹಚ್ಚಲು ಆಗಲಿಲ್ಲ. ಮಣ್ಣು ಹಾಕಲು ಮಗನಿಗೆ ಬರಲಾಗಲಿಲ್ಲ. ಸುತ್ತಿ ಒಯ್ಯುವ ಮುಂಚೆ ಸಿಸ್ಟರ್‌ಗೆ ಕೈಮುಗಿದು ಕೇಳಿದೆ. ಅವಳು ಬೀಳದೆ ಉಳಿದಿದ್ದ ಎಡಗಡೆಯ ಪಕಳೆಯನ್ನು ಅತ್ತೆಯ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಅವಳ ಹೊಟ್ಟೆ ತಣ್ಣಗಿರಲಿ. ಬಲಗಡೆಯದು ನಮ್ಮ ಜಗಲಿಯ ಮೇಲಿದೆ.

ಆ ವಾರ್ಡಿನಲ್ಲಿದ್ದೂ ನನಗೆ ರೋಗ ಹತ್ತಲಿಲ್ಲ. ಗಂಡನೂ ಗುಣವಾದರು. ಇದನ್ನು ಓದಿ ದಮ್ಮಿನವರು ಯಾರೂ ಹುಂಬ ಧೈರ್ಯ ಮಾಡಬೇಡಿ. ಡಾಕ್ಟರು ಒಳಗಿರಿ ಎಂದರೆ ಒಳಗಿರಿ. ನಾನು ಒಳಗಿದ್ದದ್ದೂ ತಾಯಿಯ ದಯೆಯೇ, ಅದು ಅತ್ತೆಯ ಕೈಯಿಂದ ಬಂತು ಎಂದು ನಂಬಿದ್ದೇನೆ. ಆದರೆ ನಾನು ಒಳಗೆ ಕೂತಾಗ ನನ್ನ ಪಾಲಿನ ಗಾಳಿಗೆ ಅವರು ಎದೆಯೊಡ್ಡಿದರು ಎನ್ನುವುದು ಎಷ್ಟು ವರ್ಷ ಕಳೆದರೂ ನನ್ನನ್ನು ಬಿಡುವುದಿಲ್ಲ. ಗಿರಣಿಯ ಮುಂದೆ ಹೋಗುವಾಗ ಈಗಲೂ ಅಳು ಬರುತ್ತದೆ.

ಗುಡಿ ತೆರೆದ ಮೇಲೆ ಘತ್ತರಗಿಗೆ ಹೋಗಿ ತಾಯಿಗೆ ಉಡಿ ತುಂಬಿ ಬಂದೆವು. ಹೂ ಕೇಳುವಿರೇನು ಎಂದು ಪೂಜಾರಿ ಕೇಳಿದರು. ಬೇಡ ಎಂದೆ. ನನಗೆ ಕೇಳುವುದು ಏನೂ ಉಳಿದಿಲ್ಲ.

ಈಗ ಮತ್ತೆ ಡ್ಯೂಟಿಯಲ್ಲಿದ್ದೇನೆ, ಸೀಟಿಯನ್ನೂ ಊದುತ್ತೇನೆ. ಹುಣ್ಣಿಮೆಯ ದಿನ ಘತ್ತರಗಿ ಬಸ್ಸು ಕಾಲಿಡಲು ಎಡೆಯಿಲ್ಲದಂತೆ ತುಂಬುತ್ತದೆ. ಬಾಗಿಲಲ್ಲಿ ಯಾರಾದರೂ ಮುದುಕಿ ಹತ್ತಲೋ ಬೇಡವೋ ಎಂದು ಅಂಜುತ್ತ ನಿಂತಿದ್ದರೆ ಕೈ ಹಿಡಿದು ಮೇಲೆ ಎಳೆದುಕೊಳ್ಳುತ್ತೇನೆ. “ಒಳಗ ನಡೀರಿ ಯವ್ವಾ, ಮುಂದ ಜಾಗಾ ಅದ,” ಎನ್ನುತ್ತೇನೆ. ತಾಯಿಯ ಹತ್ತಿರ ನಮ್ಮ ಅತ್ತೆಗೂ ಜಾಗ ಸಿಕ್ಕಿದೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.