ರೇಣುವಿನ ಓಡುವ ಕೈ

ರೇಣುವಿನ ಕೈ ಓಡುತ್ತದೆ ಎಂದು ಮೊದಲು ಹೇಳಿದವನು ಭುಜಂಗ. ಅದು 1999ರ ಸೆಪ್ಟೆಂಬರ್. ಪುಣೆಯ ಕ್ಯಾಂಪ್ ಎಂಬ ಬಡಾವಣೆಯ ಅವರ ಶಾಲೆಯ ಸಭಾಂಗಣದಲ್ಲಿ ಮಕ್ಕಳೆಲ್ಲ ನಕ್ಕು ಎದ್ದುಹೋದ ಮೇಲೆ, ಗಿಟಾರಿನ ವೈರು ಸುತ್ತುತ್ತ ಹೇಳಿದ.

ಆ ವರ್ಷ ಕ್ಯಾಂಪಿನ ಶಾಲೆಗಳಿಗೆಲ್ಲ ಹಾರ್ಡ್ ರಾಕಿನ ಹುಚ್ಚು. ಕ್ಯಾಸೆಟ್ಟು ತಿರುಗಿಸಿ ತಿರುಗಿಸಿ ಕಲಿತ ಇಂಗ್ಲಿಷ್ ಹಾಡುಗಳು. ಎಣ್ಣೆ ಹಚ್ಚಿ ಬಾಚಿದ ತಲೆಯನ್ನೇ ಜೋರಾಗಿ ಅಲ್ಲಾಡಿಸುವ ಹುಡುಗರು. ಇವರ ಬ್ಯಾಂಡಿನಲ್ಲಿ ಗಿಟಾರ್ ಭುಜಂಗನದು, ಹಾಡು ಮಾಧುರಿಯದು, ಬೇಸ್ ಗಿಟಾರು ಹರಿಶ್ಚಂದ್ರ ಎಂಬ ಮಾತಾಡದ ಹುಡುಗನದು. ಡ್ರಮ್ಸ್ ಹಿಂದೆ ಒಂಬತ್ತನೆಯ ತರಗತಿಯ ರೇಣು. ಡಿಸೆಂಬರಿನಲ್ಲಿ ಅಂತರಶಾಲಾ ಸ್ಪರ್ಧೆಯಿತ್ತು. ಅದಕ್ಕೆ ಮುಂಚೆ ಧೈರ್ಯ ಬರಲಿ ಎಂದು ತಮ್ಮ ಶಾಲೆಯವರ ಎದುರು ಒಂದು ಹಾಡು ಬಾರಿಸಿದರು. ಹಾಡು ಅರ್ಧಕ್ಕೆ ಬರುತ್ತಲೇ ರೇಣು ವೇಗ ಏರಿಸಿದಳು. ಮಾಧುರಿ ಪದಗಳನ್ನು ನುಂಗತೊಡಗಿದಳು. ಭುಜಂಗನ ಬೆರಳುಗಳು ತಂತಿಗಳ ನಡುವೆ ಸಿಕ್ಕಿಬಿದ್ದವು. ಕೊನೆಯನ್ನು ರೇಣು ಒಬ್ಬಳೇ ಮುಟ್ಟಿದಳು. ಮುಟ್ಟಿ, ಚೆನ್ನಾಗಿ ಬಾರಿಸಿದೆನೆಂದೇ ತಿಳಿದು ತಲೆ ಎತ್ತಿದಳು.

ಅವಳ ಮನೆಯಲ್ಲಿ ಅದು ಚೆನ್ನಾಗಿ ಬಾರಿಸುವ ರೀತಿಯೇ ಆಗಿತ್ತು. ಪ್ರತಿ ಸೋಮವಾರ ಸಂಜೆ ಅಜ್ಜಿ ರುದ್ರವ್ವನ ಪಡಸಾಲೆಯಲ್ಲಿ ಹೆಂಗಸರ ಭಜನೆ. ಬಾಗಲಕೋಟೆ, ಗದಗಿನ ಕಡೆಯಿಂದ ವ್ಯಾಪಾರಕ್ಕೆ ಬಂದು ನೆಲೆಸಿದ ಮನೆಗಳ ಹೆಂಗಸರು ತಾಳ ಹಿಡಿದು ಕೂರುವರು, ಡೋಲಕ್ ರೇಣುವಿನದು. ಹಾಡು ಮೆಲ್ಲಗೆ ಏಳುವುದು. ಪಲ್ಲವಿ ಮರಳಿ ಬಂದಂತೆಲ್ಲ ನಡೆ ಒಂದಿಷ್ಟು ಏರಬೇಕು. ಏರಿ ಏರಿ, ಕಡೆಗೆ ಮಾತು ಕರಗಿ ಬರೀ ತಾಳ ಉಳಿದಾಗ ರುದ್ರವ್ವ ಕೈ ಎತ್ತಿ ನಿಲ್ಲಿಸುವಳು. ಶುರುವಾದ ನಡೆಯಲ್ಲೇ ಮುಗಿಯುವ ಹಾಡನ್ನು ರೇಣು ಏಳು ವರ್ಷದವಳಿದ್ದಾಗಿನಿಂದ ಬಾರಿಸಿರಲಿಲ್ಲ.

"ನನ್ನ ಕೀಬೋರ್ಡಿನಲ್ಲಿ ರಿದಮ್ ಗುಂಡಿ ಇದೆ," ಎಂದ ಭುಜಂಗ. ಶಾಲೆಯಲ್ಲಿ ಅವರ ಮಾತೆಲ್ಲ ಮರಾಠಿ. "ಒತ್ತಿದರೆ ಸಾಕು, ಡ್ರಮ್ಸ್ ತಾನೇ ಬಾರಿಸುತ್ತದೆ. ಅದು ಓಡುವುದಿಲ್ಲ. ಅದಕ್ಕೆ ಜ್ವರ ಬರುವುದಿಲ್ಲ. ನನ್ನ ಟಿಫಿನ್ ಕೇಳುವುದಿಲ್ಲ."

"ನಾನು ಯಾವತ್ತು ಕೇಳಿದೆ?"

"ಕೇಳಿಲ್ಲ ಮಾರಾಯ್ತಿ, ಕೇಳದೇ ತಿಂದಿದ್ದೀಯ," ಎಂದಳು ಮಾಧುರಿ.

ಹರಿಶ್ಚಂದ್ರ ನಕ್ಕ. ರೇಣು ನಗಲಿಲ್ಲ. ಸ್ಪರ್ಧೆಯ ವೇದಿಕೆಯಲ್ಲಿ ತನ್ನ ಸ್ಟೂಲಿನ ಜಾಗದಲ್ಲಿ ಒಂದು ಗುಂಡಿ ಇರುವುದು ಅವಳ ಕಣ್ಣಿಗೆ ಕಟ್ಟಿತ್ತು.

"ದೀಪಾವಳಿ ರಜೆ ಮುಗಿಯಲಿ," ಎಂದಳು. "ಆ ಗುಂಡಿಯ ಜೊತೆಗೇ ಬಾರಿಸಿ ತೋರಿಸುತ್ತೇನೆ. ತಪ್ಪಿದರೆ ಸ್ಟಿಕ್ಕು ನಿನ್ನ ಕೈಗೆ ಕೊಟ್ಟು ಹೋಗುತ್ತೇನೆ. ಜಗಳ ಇಲ್ಲ."

ಅವಳ ಅಪ್ಪ ಚನ್ನವೀರನದು ಕ್ಯಾಂಪಿನಲ್ಲಿ ಸ್ಟೀಲು ಪಾತ್ರೆಗಳ ಅಂಗಡಿ. ಧನತ್ರಯೋದಶಿ ಹತ್ತಿರವಾದಂತೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಕೊಂಡ ಡಬ್ಬಿ, ತಂಬಿಗೆ, ತಾಟಿನ ಮೇಲೆ ಹೆಸರು ಹಾಕಿಸಿಕೊಂಡೇ ಜನ ಹೋಗುವುದು. ಹೆಸರು ಕೊರೆಯುವವನು ಜಟ್ಟೆಪ್ಪ. ಬಾಗಿಲ ಪಕ್ಕ ಚಾಪೆ ಹಾಸಿ, ಪಾತ್ರೆಯನ್ನು ಮೊಣಕಾಲ ನಡುವೆ ಒತ್ತಿಕೊಂಡು, ಸಣ್ಣ ಉಳಿಯ ಮೇಲೆ ಸುತ್ತಿಗೆಯಿಂದ ಬಡಿಯುತ್ತ ಚುಕ್ಕೆ ಚುಕ್ಕೆಯಾಗಿ ಅಕ್ಷರ ಮೂಡಿಸುತ್ತಿದ್ದ. ಗಿರಾಕಿ ಅವಸರ ಮಾಡಿದರೂ ಟಕ್ ಟಕ್ ಎಂಬುದು ಮಾತ್ರ ಒಂದೇ ಸಮ.

ರಜೆಯಲ್ಲಿ ರೇಣು ಅವನ ಪಕ್ಕ ಬಂದು ಕೂತಳು. ಎದುರಿಗೆ ಮಡಚಿದ ಗೋಣಿಚೀಲಗಳ ರಾಶಿ, ಕೈಯಲ್ಲಿ ಸ್ಟಿಕ್ಕು. ಅವನ ಬಡಿತಕ್ಕೆ ತನ್ನದನ್ನು ಕೂಡಿಸಿ, ಮನಸ್ಸಿನಲ್ಲೇ ಇಡೀ ಹಾಡನ್ನು ಹಾಡಿಕೊಳ್ಳುತ್ತ ಬಾರಿಸುವುದು. ಮೊದಲ ದಿನ ಪ್ರತಿ ಸಲವೂ ಅವನನ್ನು ಬಿಟ್ಟು ಮುಂದೆ ಹೋದಳು.

"ಎಲ್ಲಿಗೆ ಹೊಂಟೀಯವ್ವ? ಇಂದಾಪುರದ ಬಸ್ ತಪ್ಪತದೇನು?" ಎಂದ ಜಟ್ಟೆಪ್ಪ, ತಲೆ ಎತ್ತದೆ.

"ಸುಮ್ಮನ ಬಡೀರಿ ಕಾಕಾ."

"ನೀ ಓಡಿದ್ರ ನನ್ನ ಕೈನೂ ಎಳೀತದ. ನನ್ನ ಉಳಿ ಓಡ್ತಂದ್ರ ಡಬ್ಬಿ ಕೆಡ್ತದ. ಕೆಟ್ಟಿದ್ದೆಲ್ಲಾ ನಿಮ್ಮಪ್ಪ ನಿನ್ನ ಮದುವಿಗೇ ಕೊಡ್ತಾನ, ನೋಡ್ಕೊ."

ಎರಡು ಮೂರು ದಿನ ಕಳೆದ ಮೇಲೆ ಅವಳಿಗೆ ಒಂದು ಸಂಗತಿ ಹೊಳೆಯಿತು. ಕೈ ಎಲ್ಲೆಂದರಲ್ಲಿ ಓಡುತ್ತಿರಲಿಲ್ಲ. ಪಲ್ಲವಿ ತಿರುಗಿ ಬರುವ ತುಸು ಮೊದಲು ಉಸಿರು ಒಳಗೆ ನಿಲ್ಲುತ್ತಿತ್ತು, ಭುಜ ಮೇಲೇಳುತ್ತಿತ್ತು; ಕೈ ಅದರ ಹಿಂದೆ ಹೊರಡುತ್ತಿತ್ತು. ಪಡಸಾಲೆಯಲ್ಲಿ ಅಜ್ಜಿಯ ಮುಖ ನೋಡುತ್ತ ಕಲಿತದ್ದು ಮೈಯಲ್ಲಿ ಇಷ್ಟು ಒಳಗಿತ್ತು. ಅವಳು ಆ ಜಾಗ ಬಂದಾಗಲೆಲ್ಲ ಬೇಕೆಂದೇ ಉಸಿರು ಬಿಡತೊಡಗಿದಳು. ಬೀದಿಯಲ್ಲಿ ಪಟಾಕಿ ಸಿಡಿಯುತ್ತಿತ್ತು, ಅಪ್ಪ ಕೂಗಿ ತೂಕ ಹೇಳುತ್ತಿದ್ದ, ಗೋಣಿಯ ದೂಳಿಗೆ ಸೀನು ಬರುತ್ತಿತ್ತು. ಅವಳು ಉಸಿರು ಬಿಟ್ಟು, ಭುಜ ಇಳಿಸಿ, ಮತ್ತೆ ಅದೇ ಪಲ್ಲವಿಗೆ ಹೋದಳು.

ಪೆಟ್ಟು ಬೇರೆ ಕಡೆ ಬಿತ್ತು. ಹಬ್ಬದ ನಂತರದ ಸೋಮವಾರ ಭಜನೆಯಲ್ಲಿ ರುದ್ರವ್ವ ನಡೆ ಏರಿಸಿದಳು, ತಾಳಗಳು ಏರಿದವು, ಡೋಲಕ್ ಏರಲಿಲ್ಲ. ಹೆಂಗಸರು ಮುಂದೆ ಹೋಗಿ, ಹಿಂದೆ ನೋಡಿ, ಚೆದುರಿದರು. ರುದ್ರವ್ವ ಕೈ ಎತ್ತಿದಳು.

"ಕೈಗೆ ಏನಾಗ್ಯದ ನಿನಗ?"

"ಶಾಲಿ ಹಾಡಿಗೆ ಒಂದೇ ನಡಿ ಬೇಕು ಅಜ್ಜೀ. ಅದನ್ನ ರೂಢಿ ಮಾಡ್ಲಿಕ್ಕತ್ತೀನಿ."

"ಒಂದೇ ನಡೀಲಿ ಬಾರಿಸಿದ್ರ ದೇವರಿಗೆ ನಿದ್ದಿ ಬರ್ತದ."

ಹೆಂಗಸರು ಸೆರಗಿನಲ್ಲಿ ನಕ್ಕರು. ರೇಣು ಡೋಲಕ್ಕನ್ನು ಮಡಿಲಿಂದ ಇಳಿಸಿದಳು. ಎರಡನ್ನೂ ಒಟ್ಟಿಗೆ ಹಿಡಿದರೆ ಎರಡೂ ಕೆಡುತ್ತವೆ ಎಂದು ಅವಳಿಗೆ ಆ ಹೊತ್ತಿಗೆ ಗೊತ್ತಾಗಿತ್ತು.

"ಸ್ಪರ್ಧೆ ಮುಗಿಯೂತನಕ ನಾ ಬಾರಿಸೂದಿಲ್ಲ. ಇಂದೂ ಬಾರಿಸ್ಲಿ."

ಇಂದೂ ಚಿಕ್ಕಪ್ಪನ ಮಗಳು. ಕಾದು ಕೂತವಳಂತೆ ಎದ್ದು ಬಂದಳು. ಆ ವಾರವೆಲ್ಲ ರುದ್ರವ್ವ ರೇಣುವಿನೊಂದಿಗೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಮುಂದಿನ ಸೋಮವಾರ ಯಾರೋ "ರೇಣು ಯಾಕ ಬಂದಿಲ್ಲರೀ?" ಎಂದಾಗ ಮಾತ್ರ, "ಅಕಿ ಕೈ ಈಗ ಬ್ಯಾರೆ ಕೆಲಸದಾಗ ಅದ," ಎಂದು ಹಾಡು ಎತ್ತಿಕೊಂಡಳು. ಒಳಗೆ ಗಣಿತ ಮಾಡುತ್ತಿದ್ದ ರೇಣುವಿಗೆ ಅದು ಕೇಳಿಸಿತು.

ರಜೆ ಮುಗಿದು ಶಾಲೆ ತೆರೆದ ದಿನ ಭುಜಂಗ ಕೀಬೋರ್ಡ್ ಹೊತ್ತು ತಂದ. ಅವನ ಪರೀಕ್ಷೆ ಅವಳೆಣಿಸಿದ್ದಕ್ಕಿಂತ ಬಿಗಿಯಾಗಿತ್ತು. ರಿದಮ್ ಹಾಕಿ ಅವಳನ್ನು ಜೊತೆಗೆ ಬಾರಿಸಲು ಬಿಟ್ಟ. ಹಾಡು ನಡೆಯುತ್ತಿರುವಾಗಲೇ ಸದ್ದನ್ನು ಪೂರ್ತಿ ತಗ್ಗಿಸಿದ. ಯಂತ್ರ ಒಳಗೇ ಲೆಕ್ಕ ಹಾಕಿಕೊಂಡು ಹೋಗುತ್ತಿತ್ತು, ಹೊರಗೆ ಕೇಳುತ್ತಿರಲಿಲ್ಲ. ಕೊನೆಯ ಪಲ್ಲವಿಯಲ್ಲಿ ಸದ್ದನ್ನು ಮತ್ತೆ ತೆರೆದ. ರೇಣು ಅದಕ್ಕಿಂತ ಕೂದಲೆಳೆಯಷ್ಟು ಮುಂದಿದ್ದಳು.

"ಓಡಿದೆ," ಎಂದ ಭುಜಂಗ.

"ಇನ್ನೊಮ್ಮೆ ಹಾಕು."

"ಒಂದೇ ಸಲ ಅಂದಿದ್ದೆ."

"ಎಷ್ಟು ಸಲ ಎಂಬ ಮಾತೇ ಬಂದಿರಲಿಲ್ಲ. ಹಾಕು."

ಯಾವತ್ತೂ ಮಾತಾಡದ ಹರಿಶ್ಚಂದ್ರ, "ಹಾಕೋ," ಎಂದ. ಭುಜಂಗ ಅವನತ್ತ ಅಚ್ಚರಿಯಿಂದ ನೋಡಿ ಗುಂಡಿ ಒತ್ತಿದ.

ಈ ಸಲ ಸದ್ದು ಮುಚ್ಚಿದಾಗ ರೇಣು ಕಣ್ಣು ಮುಚ್ಚಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಪಲ್ಲವಿ ಹತ್ತಿರವಾದಾಗ ಉಸಿರು ಬಿಟ್ಟಳು. ಭುಜ ತಾನಾಗಿ ಇಳಿಯಿತು. ಸದ್ದು ತೆರೆದಾಗ ಅದು ತೆರೆದದ್ದೇ ತಿಳಿಯಲಿಲ್ಲ. ಯಂತ್ರದ ಪೆಟ್ಟು ಅವಳ ಪೆಟ್ಟಿನ ಕೆಳಗೆ ಪೂರ್ತಿ ಮುಚ್ಚಿಹೋಗಿತ್ತು. ಕೀಬೋರ್ಡ್ ಕೆಟ್ಟಿತೇನೋ ಎಂದು ಮಾಧುರಿ ಬಗ್ಗಿ ಕಿವಿಯಿಟ್ಟಳು.

"ಇಲ್ಲಿ ಸರಿ ಹೋಯಿತು," ಎಂದ ಭುಜಂಗ. "ಜನರ ಮುಂದೆ ನೋಡೋಣ."

ಜನ ಬಂದರು. ಡಿಸೆಂಬರಿನ ಆ ಮಧ್ಯಾಹ್ನ ಸ್ಪರ್ಧೆಯ ಸಭಾಂಗಣದಲ್ಲಿ ಆರೇಳು ಶಾಲೆಗಳ ಮಕ್ಕಳು ತುಂಬಿದ್ದರು. ಇವರ ಹಾಡು ಎರಡನೆಯ ಪಲ್ಲವಿಗೆ ಬಂದಾಗ ಮುಂದಿನ ಸಾಲಿನವರು ಚಪ್ಪಾಳೆಯ ತಾಳ ಹಿಡಿದರು. ಹಿಂದಿನವರು ಸೇರಿದರು. ಬಾಲ್ಕನಿ ಸೇರಿತು. ಮತ್ತೆ, ಖುಷಿಯಾದ ಜನ ಎಲ್ಲಿಯಾದರೂ ಮಾಡುವಂತೆ, ಚಪ್ಪಾಳೆಯ ವೇಗ ಏರತೊಡಗಿತು. ಸಭಾಂಗಣವೇ ಅವಳನ್ನು ಎಳೆಯುತ್ತಿತ್ತು. ಹರಿಶ್ಚಂದ್ರನ ಬೆರಳುಗಳು ಆ ವೇಗದತ್ತ ಜಾರಿದವು. ಭುಜಂಗನೂ ಜಾರಿದ, ಜಾರಿ, ಗಾಬರಿಯಿಂದ ಹಿಂದೆ ತಿರುಗಿ ಅವಳನ್ನು ನೋಡಿದ.

ರೇಣುವಿಗೆ ಏರುವ ಆಸೆ ಆಗದೆ ಇರಲಿಲ್ಲ. ಏರಿದರೆ ಎಷ್ಟು ಚೆಂದ ಎಂದು ಅವಳಿಗಿಂತ ಚೆನ್ನಾಗಿ ಆ ಸಭಾಂಗಣದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಉಸಿರು ಬಿಟ್ಟಳು. ಬೇಗ ಹೊಡೆಯುವ ಬದಲು ಗಟ್ಟಿಯಾಗಿ ಹೊಡೆದಳು. ಕಾಲಿನಡಿಯ ದೊಡ್ಡ ಡ್ರಮ್ಮಿಗೆ ಇಡೀ ತೊಡೆಯ ಬಲ ಹಾಕಿದಳು. ಮೊದಲು ಹರಿಶ್ಚಂದ್ರ ಮರಳಿದ, ಆಮೇಲೆ ಭುಜಂಗ. ಮಾಧುರಿ ಒಂದು ಪದವನ್ನೂ ನುಂಗದೆ ಹಾಡಿದಳು. ಚಪ್ಪಾಳೆ ತೊದಲಿತು, ಚೆದುರಿತು, ಒಂದು ಕ್ಷಣ ನಿಂತೇ ಹೋಯಿತು. ಆಮೇಲೆ ಎಲ್ಲೋ ಹಿಂದಿನಿಂದ ಮತ್ತೆ ಶುರುವಾಗಿ, ಈ ಸಲ ಅವಳು ಇಟ್ಟಲ್ಲೇ ಹೆಜ್ಜೆಯಿಟ್ಟು, ಕೊನೆಯವರೆಗೂ ಬಂದಿತು.

ಅವರಿಗೆ ಬಂದದ್ದು ಮೂರನೆಯ ಬಹುಮಾನ. ಭುಜಂಗ ಮೆಟ್ಟಿಲ ಮೇಲೆ ಮುಖ ಸಣ್ಣಗೆ ಮಾಡಿಕೊಂಡು ಕೂತ.

"ಮುಂದಿನ ವರ್ಷ ಹತ್ತನೆಯ ಕ್ಲಾಸು. ನಮ್ಮನ್ನು ಯಾರು ಬಾರಿಸಲು ಬಿಡುತ್ತಾರೆ?"

"ಬಿಡುವಂತೆ ಮಾಡೋಣ," ಎಂದಳು ರೇಣು. "ಮೊದಲು ಹಾಡು ಯಾವುದು ಅಂತ ಹೇಳು."

ಅವನು ಒಂದು ಹಾಡಿನ ಹೆಸರು ಹೇಳಿ, ಅದು ತುಂಬ ನಿಧಾನದ್ದು, ಹಿಡಿಯುವುದು ಕಷ್ಟ ಎಂದ. ಆ ಹಾಡಿಗೂ, ಮುಂದೆ ಕಾಲೇಜಿನ ಐದು ವರ್ಷಗಳ ಹಾಡುಗಳಿಗೂ, ಡ್ರಮ್ಸ್ ಹಿಂದೆ ಕೂತದ್ದು ರೇಣುವೇ.